ಯೂರಿನ್ ಕಲ್ಚರ್ ಟೆಸ್ಟ್ ರಿವ್ಯೂ: ಟೆಸ್ಟಿಗೆ ಐದು ಸ್ಟಾರ್, ಸ್ಯಾಂಪಲ್ ಒಯ್ದವರಿಗೆ ಎರಡು

ಬೆಂಗಳೂರಲ್ಲಿ ನಮ್ಮ ಮನೆ ಕಡೆ ಇರೋ ಒಂದು ಲ್ಯಾಬಲ್ಲಿ ಅತ್ತೆಗೆ ಯೂರಿನ್ ಕಲ್ಚರ್ ಅಂಡ್ ಸೆನ್ಸಿಟಿವಿಟಿ ಮಾಡಿಸಿದ್ವಿ, ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಬೆಳೆಸಿ, ಅದು ಯಾವ ಔಷಧಿಗೆ ಬಗ್ಗತ್ತೆ ಅಂತ ನೋಡೋ ಟೆಸ್ಟು. ಲ್ಯಾಬ್ ಹೆಸರು ಬೇಡ ಬಿಡಿ, ನಾನು ಬರೀತಿರೋದು ಜಾಸ್ತಿ ಈ ಟೆಸ್ಟಿನ ಬಗ್ಗೆನೇ. 700 ಚಿಲ್ರೆ ಬಿಲ್ ಆಯ್ತು. ರೊಟೀನ್ ಟೆಸ್ಟ್ ಇದಕ್ಕಿಂತ ಎಷ್ಟೋ ಕಮ್ಮಿಗೆ ಆಗತ್ತಲ್ಲ, ಹಾಗಾಗಿ ಅತ್ತೆ ಶುರು ಮಾಡಿದ್ರು, "ಹೋದ್ಸಲದ ಮಾತ್ರೇನೇ ಮೆಡಿಕಲ್ಸಿಂದ ತಂದ್ಕೊಟ್ರೆ ಆಗಲ್ವೇನಮ್ಮಾ, ಸುಮ್ನೆ ದುಡ್ಡು ದಂಡ" ಅಂತ. ಆಗಲ್ಲ ಅತ್ತೆ ಅಂದೆ. ವರ್ಷಕ್ಕೆ ಮೂರ್ನಾಕು ಸಲ ಉರಿಮೂತ್ರ ಬರ್ತಿರೋರು, ಪ್ರತಿ ಸಲ ಅದೇ ಮಾತ್ರೆ ನುಂಗ್ತಿರೋರು ದಯವಿಟ್ಟು ಪೂರ್ತಿ ಓದಿ. ನಾನು ಎಂಎಸ್ಸಿ ಮೈಕ್ರೋಬಯಾಲಜಿ ಮಾಡಿದೋಳು, ಈಗ ಕೆಲ್ಸ ಬೇರೆ ಲೈನಲ್ಲಿ, ಆದ್ರೂ ಇಂಥ ರಿಪೋರ್ಟ್ ಕೈಗೆ ಸಿಕ್ರೆ ನಂಗೆ ಪೇಪರ್ ಓದಿದಷ್ಟೇ ಖುಷಿ.

ಮೊದ್ಲು ಬೈಯೋದು ಮುಗಿಸ್ತೀನಿ. ಹೋಮ್ ಕಲೆಕ್ಷನ್ ಅಂತ ಬುಕ್ ಮಾಡಿದ್ವಿ, ಹುಡುಗ ಬಂದ, ಡಬ್ಬಿ ಕೊಟ್ಟು "ಹಿಡ್ಕೊಡಿ ಆಂಟಿ" ಅಂದ, ಅಷ್ಟೇ. ಮುಂಚೆ ತೊಳ್ಕೋಬೇಕು, ಶುರುವಿನದ್ದು ಬಿಟ್ಟು ಮಧ್ಯದ್ದನ್ನ ಹಿಡೀಬೇಕು, ಡಬ್ಬಿ ಒಳಗಡೆ ಬೆರಳು ತಾಕಿಸ್ಬಾರ್ದು, ಇದ್ಯಾವ್ದೂ ಹೇಳಲಿಲ್ಲ, ನಾನೇ ಒಳಗಿಂದ ಓಡಿ ಬಂದು ಹೇಳ್ಬೇಕಾಯ್ತು. ಆಮೇಲೆ ಆ ಡಬ್ಬೀನ ಗಾಡಿ ಬಾಕ್ಸಿಗೆ ಹಾಕ್ಕೊಂಡ, ಐಸ್ ಪ್ಯಾಕ್ ಇಲ್ಲ ಏನಿಲ್ಲ, ಇನ್ನೂ ಆರೇಳು ಮನೆ ಇದೆ ಅಂದ. ರೂಮ್ ಟೆಂಪರೇಚರಲ್ಲಿ ಎರಡು ಗಂಟೆ ಒಳಗೆ ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟಿಗೆ ಹಾಕ್ಬೇಕು, ಇಲ್ಲಾಂದ್ರೆ ಫ್ರಿಡ್ಜಲ್ಲಿ ಇಡ್ಬೇಕು, ಅಥವಾ ಬೆಳವಣಿಗೆ ತಡೆಯೋ ಬೋರಿಕ್ ಆಸಿಡ್ ಇರೋ ಟ್ಯೂಬ್ ಕೊಡ್ಬೇಕು. ಉರಿಮೂತ್ರಕ್ಕೆ ಸಾಮಾನ್ಯ ಕಾರಣವಾದ ಇ. ಕೋಲೈ ಬ್ಯಾಕ್ಟೀರಿಯಾಗೆ ಒಳ್ಳೆ ಊಟ, 37 ಡಿಗ್ರಿ ಶಾಖ ಸಿಕ್ರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗತ್ತೆ, ಯೂರಿನಲ್ಲಿ ಸ್ವಲ್ಪ ನಿಧಾನ ಇರ್ಬೋದು, ಆದ್ರೆ ಬಿಸಿಲಲ್ಲಿ ನಿಂತ ಗಾಡಿ ಬಾಕ್ಸು ಅಂದ್ರೆ ಅದಕ್ಕೆ ಮದುವೆ ಮನೆ ಇದ್ದಂಗೆ. ಕೊನೆಗೆ ರಿಪೋರ್ಟಲ್ಲಿ ಬಂದಿದ್ದೇನು, "ಮಿಕ್ಸೆಡ್ ಗ್ರೋತ್, ರಿಪೀಟ್ ಮಾಡಿ". ಅಂದ್ರೆ ಚರ್ಮದ್ದು ಅಲ್ಲಿಂದು ಇಲ್ಲಿಂದು ಎಲ್ಲ ಬೆಳೆದಿದೆ, ನಿಜವಾದ ಕಳ್ಳ ಯಾರು ಅಂತ ಗೊತ್ತಾಗಲ್ಲ. ಸದ್ಯ, ರಿಪೀಟಿಗೆ ದುಡ್ಡು ತಗೊಳ್ಳಲಿಲ್ಲ. ಎರಡನೇ ಸಲ ಲ್ಯಾಬಿಗೇ ಕರ್ಕೊಂಡು ಹೋಗಿ ಅಲ್ಲೇ ಕೊಡಿಸ್ದೆ, ನೀವೂ ಹಾಗೇ ಮಾಡಿ.

ಇನ್ನು ಟೆಸ್ಟು. ರಿಸಲ್ಟ್ ಎರಡು ಮೂರು ದಿನ ಯಾಕೆ ತಡ ಅಂತ ಎಲ್ರೂ ಕೇಳ್ತಾರೆ, ಇದನ್ನ ಬೇಗ ಮಾಡಕ್ಕೆ ಆಗಲ್ಲ ಸ್ವಾಮಿ, ಬ್ಯಾಕ್ಟೀರಿಯಾ ಬೆಳೀಬೇಕು. ಒಂದು ಮೈಕ್ರೋಲೀಟರ್ ಹಿಡಿಯೋ ಸಣ್ಣ ಲೂಪಲ್ಲಿ ಅದ್ದಿ ಪ್ಲೇಟ್ ಮೇಲೆ ಎಳೀತಾರೆ, ಮಾರನೇ ದಿನ ನೂರು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣೋ ಚುಕ್ಕೆ) ಬಂದ್ರೆ ಒಂದು ಎಂಎಲ್‌ಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಅಂತ ಲೆಕ್ಕ, ಅಷ್ಟಿದ್ರೆ ಇನ್ಫೆಕ್ಷನ್ ಅಂತ ಹಿಡೀತಾರೆ. ಮೆಕಾಂಕಿ ಅಗಾರ್ ಅನ್ನೋ ಜೆಲ್ಲಿ ಮೇಲೆ ಇ. ಕೋಲೈ ಚೆಂದ ಗುಲಾಬಿ ಬಣ್ಣಕ್ಕೆ ಬರತ್ತೆ. ಆ ಒಂದು ಲಕ್ಷದ ಗೆರೆ ಎಳೆದಿದ್ದು 1950ರ ದಶಕದಲ್ಲಿ ಬಾಸ್ಟನ್ನಿನ ಎಡ್ವರ್ಡ್ ಕಾಸ್ ಅನ್ನೋ ಡಾಕ್ಟ್ರು, ಇವತ್ತಿಗೂ ರಿಪೋರ್ಟುಗಳಲ್ಲಿ ಅದೇ ನಂಬರ್ ಓಡ್ತಿದೆ. ಆಮೇಲೆ ಆ ಕಾಲೊನಿ ತೆಗೆದು ಇನ್ನೊಂದು ಪ್ಲೇಟ್ ತುಂಬಾ ಹರಡಿ, ಮೇಲೆ ಔಷಧಿ ಹಾಕಿದ ಪುಟ್ಟ ಕಾಗದದ ಬಿಲ್ಲೆಗಳನ್ನ ಇಡ್ತಾರೆ, ಮತ್ತೊಂದು ರಾತ್ರಿ ಕಾಯಬೇಕು. ಔಷಧಿ ಕೆಲ್ಸ ಮಾಡಿದ್ರೆ ಬಿಲ್ಲೆ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಉಳಿಯತ್ತೆ, ಅದನ್ನ ಸ್ಕೇಲ್ ಇಟ್ಟು ಅಳೀತಾರೆ. 1966ರಲ್ಲಿ ಬಾವರ್, ಕಿರ್ಬಿ ಮತ್ತವರ ಜೊತೆಯವರು ಪಕ್ಕಾ ಮಾಡಿದ ವಿಧಾನ, ಕಿರ್ಬಿ-ಬಾವರ್ ಅಂತಾನೇ ಓದಿದ್ವಿ ನಾವು ಕಾಲೇಜಲ್ಲಿ. ದೊಡ್ಡ ಲ್ಯಾಬುಗಳಲ್ಲಿ ಮಿಷಿನ್ ಇರತ್ತೆ, ನಮ್ಮದು ಬಿಲ್ಲೆ ಲ್ಯಾಬು. ಬಿಲ್ಲೆಯಲ್ಲೇನೂ ತಪ್ಪಿಲ್ಲ.

ಜನ ಎಡವೋದು ಈ ಮಿಲಿಮೀಟರ್ ಹತ್ರ. ನಮ್ಮೆಜಮಾನ್ರು ಎರಡನೇ ಸಲದ ರಿಪೋರ್ಟ್ ನೋಡಿ, "ಸಿಪ್ರೋಫ್ಲಾಕ್ಸಸಿನ್ 20 ಇದೆ, ನೈಟ್ರೋಫ್ಯುರಾಂಟಾಯಿನ್ 18 ಇದೆ, ಮತ್ತೆ 20 ಇರೋದು ರೆಸಿಸ್ಟೆಂಟು, 18 ಇರೋದು ಸೆನ್ಸಿಟಿವ್ ಅಂತ ಹಾಕವ್ರಲ್ಲ, ಟೈಪಿಂಗ್ ಮಿಸ್ಟೇಕಾ" ಅಂದ್ರು. ಅಲ್ಲ, ಸರಿಯಾಗೇ ಇದೆ. ಒಂದೊಂದು ಔಷಧಿಗೂ ಬೇರೆ ಬೇರೆ ಕಟಾಫ್. ಅಮೆರಿಕದ ಸಿಎಲ್‌ಎಸ್‌ಐ ಅನ್ನೋ ಲ್ಯಾಬ್ ಮಾನದಂಡ ಸಂಸ್ಥೆಯ ಟೇಬಲ್ ಪ್ರಕಾರ ಇ. ಕೋಲೈಗೆ ಸಿಪ್ರೋ 26 ಮಿ.ಮೀ. ಅಥವಾ ಮೇಲೆ ಬಂದ್ರೆ ಮಾತ್ರ ಸೆನ್ಸಿಟಿವ್, 21 ಅಥವಾ ಕೆಳಗೆ ಬಂದ್ರೆ ರೆಸಿಸ್ಟೆಂಟ್, ನೈಟ್ರೋಫ್ಯುರಾಂಟಾಯಿನಿಗೆ 17 ಸಾಕು. ಅದರ ಮೇಲೆ 2019ರಲ್ಲಿ ಸಿಪ್ರೋ ಕಟಾಫ್ ಬಿಗಿ ಮಾಡಿದ್ರು, ಮುಂಚೆ 21 ಬಂದ್ರೂ ಪಾಸ್ ಆಗ್ತಿತ್ತು. ಹಾಗಾಗಿ ಹಳೇ ರಿಪೋರ್ಟಲ್ಲಿ "ಎಸ್" ಇದ್ದಿದ್ದು ಇವಾಗ "ಆರ್" ಆಗಿದ್ರೆ ರೋಗಾಣು ಬದಲಾಗಿರ್ಬೋದು, ಟೇಬಲ್ಲೂ ಬದಲಾಗಿರ್ಬೋದು. ಈ ಕಟಾಫುಗಳನ್ನ ಪಕ್ಕದಲ್ಲೇ ಒಂದು ಕಾಲಂ ಹಾಕಿ ಪ್ರಿಂಟ್ ಮಾಡಕ್ಕೆ ಲ್ಯಾಬಿನೋರಿಗೆ ಏನು ಕಷ್ಟನೋ ಗೊತ್ತಿಲ್ಲ, ಇಷ್ಟು ದುಡ್ಡು ತಗೊಂಡು.

ರಿಪೋರ್ಟ್ ಕೆಳಗಡೆ ಸಣ್ಣಕ್ಷರದಲ್ಲಿ "ಇಎಸ್‌ಬಿಎಲ್ ಪಾಸಿಟಿವ್" ಅಂತಿತ್ತು. ಸೆಫಿಕ್ಸಿಮ್ ತರದ ಆಂಟಿಬಯಾಟಿಕ್ಕಿಗೆ ಈ ರೋಗಾಣು ಬಗ್ಗಲ್ಲ ಅಂತ ಅರ್ಥ, ಈ ಪೂರ್ತಿ ಕಾಗದದಲ್ಲಿ ಮುಖ್ಯವಾದ ಸಾಲು ಅದೇ, ಅದನ್ನೇ ಇರುವೆ ಸೈಜಲ್ಲಿ ಹಾಕಿದಾರೆ. ಅತ್ತೆ ಹೋದ್ಸಲ ತಗೊಂಡಿದ್ದು ಸೆಫಿಕ್ಸಿಮ್, ಅದೂ ಚೀಟಿ ಇಲ್ದೆ. 2014ರ ಮಾರ್ಚಿಂದ ಈ ಜಾತಿ ಔಷಧಿಗಳು ಶೆಡ್ಯೂಲ್ ಎಚ್1 ಅನ್ನೋ ಸರ್ಕಾರಿ ಪಟ್ಟೀಲಿವೆ, ಅಂಗಡಿಯೋರು ಡಾಕ್ಟ್ರ ಹೆಸ್ರು, ಪೇಷಂಟ್ ಹೆಸ್ರು ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಟ್ಕೋಬೇಕು, ಆದ್ರೂ "ಉರಿಗೆ ಏನಾದ್ರು ಕೊಡಿ" ಅಂದ್ರೆ ಸ್ಟ್ರಿಪ್ ಕಟ್ ಮಾಡಿ ಕೊಡ್ತಾರೆ. ಇಎಸ್‌ಬಿಎಲ್ ಇರೋ ಇ. ಕೋಲೈ ಒಂದು ಕಿಣ್ವ ತಯಾರಿಸತ್ತೆ, ಅದು ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ತರದವನ್ನೆಲ್ಲ ಕತ್ತರಿಸಿ ಹಾಕತ್ತೆ. ಆ ಕಿಣ್ವದ ಜೀನುಗಳಲ್ಲಿ ಲೋಕಪ್ರಸಿದ್ಧ ಆಗಿರೋದು ಸಿಟಿಎಕ್ಸ್-ಎಂ-15, 2001ರಲ್ಲಿ ಅದನ್ನ ಮೊದಲ ಸಲ ವರದಿ ಮಾಡಿದ್ದು ದೆಹಲಿ ಸ್ಯಾಂಪಲ್ಲಿಂದ. ಸಿಪ್ರೋ ಕಥೆ ಬೇರೆ, ಅಲ್ಲಿ ಬ್ಯಾಕ್ಟೀರಿಯಾದ ಸ್ವಂತ ಗೈರೇಸ್ (ಸಿಪ್ರೋ ಹೋಗಿ ಹಿಡ್ಕೊಳೋ ಪ್ರೋಟೀನು) ಜೀನಲ್ಲೇ ಅಕ್ಷರ ತಪ್ಪತ್ತೆ, ಪ್ರೋಟೀನಿನ 83ನೇ ಜಾಗದ ಸೆರಿನ್ ಅನ್ನೋ ಅಮೈನೋ ಆಮ್ಲ ಹೋಗಿ ಲ್ಯೂಸಿನ್ ಕೂತ್ಕೊಳತ್ತೆ, ಔಷಧಿಗೆ ಹಿಡ್ಕೊಳಕ್ಕೆ ಜಾಗ ಇಲ್ದಂಗಾಗತ್ತೆ. ಈ ತಪ್ಪು ಮಕ್ಕಳು ಮರಿಗೆ ಮಾತ್ರ ಹೋಗೋದು. ಇಎಸ್‌ಬಿಎಲ್ ಜೀನು ಕೂತಿರೋದು ಸಾಮಾನ್ಯವಾಗಿ ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್ಎ ಉಂಗುರದ ಮೇಲೆ, ಅದು ಪಕ್ಕದ ಬೇರೆ ಜಾತಿ ಬ್ಯಾಕ್ಟೀರಿಯಾಗೂ ದಾಟತ್ತೆ, ಜೊತೆಗೆ ಇನ್ನೂ ನಾಲ್ಕು ಔಷಧಿಗಳ ರೆಸಿಸ್ಟೆನ್ಸ್ ಎಳ್ಕೊಂಡು ಹೋಗತ್ತೆ. ಇದು ಮೊದ್ಲು ಗೊತ್ತಾಗಿದ್ದು 1950ರ ದಶಕದ ಜಪಾನಲ್ಲಿ, ರಕ್ತಭೇದಿ ರೋಗಿಗಳ ಶಿಗೆಲ್ಲಾ ಬ್ಯಾಕ್ಟೀರಿಯಾ ಒಂದೇ ಏಟಿಗೆ ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್, ಸಲ್ಫಾ ನಾಲ್ಕಕ್ಕೂ ಬಗ್ಗದೇ ಹೋದಾಗ. ಅಂದ್ರೆ ನೀವು ಉರಿಗೆ ಅಂತ ನುಂಗಿದ ಸೆಫಿಕ್ಸಿಮ್ ಕರುಳಲ್ಲಿ ಸುಮ್ನಿದ್ದ ಪಾಪದವುಗಳನ್ನ ಸಾಯಿಸಿ, ಇಂಥ ಪ್ಲಾಸ್ಮಿಡ್ ಇರೋವಕ್ಕೇ ಜಾಗ ಮಾಡ್ಕೊಡತ್ತೆ, ಮುಂದಿನ ಸಲ ಇನ್ಫೆಕ್ಷನ್ ಬರೋದು ಅದೇ ಕರುಳಿನ ಸ್ಟಾಕಿಂದ.

ಈ ಟೆಸ್ಟಲ್ಲಿ ಏನು ಸಿಗಲ್ಲ ಅಂದ್ರೆ, ಕರುಳಲ್ಲಿ ಸಾಧುವಾಗಿರೋ ಇ. ಕೋಲೈ ಮೂತ್ರಕೋಶಕ್ಕೆ ಹೋಗಿ ರೌಡಿ ಆಗೋದು ಹೇಗೆ ಅಂತ. ಲ್ಯಾಬಲ್ಲಿ ಸಾಕಿದ ಕೆ-12 ತಳಿಯ ಜೀನೋಮ್ ಸುಮಾರು 46 ಲಕ್ಷ ಅಕ್ಷರ, ಕಿಡ್ನಿ ಇನ್ಫೆಕ್ಷನ್ ಆದೋರಿಂದ ತೆಗೆದ ಸಿಎಫ್‌ಟಿ073ದ್ದು 52 ಲಕ್ಷ. 2002ರಲ್ಲಿ ಇವೆರಡನ್ನೂ ಇನ್ನೊಂದು ಭೇದಿ ತಳಿ ಜೊತೆ ಇಟ್ಟು ಹೋಲಿಸಿದಾಗ ಮೂರಕ್ಕೂ ಸಮಾನವಾಗಿದ್ದ ಪ್ರೋಟೀನು ಶೇ. 39 ಅಷ್ಟೇ! ಹೆಸ್ರು ಮಾತ್ರ ಮೂರಕ್ಕೂ ಇ. ಕೋಲೈ. ಮೂತ್ರಕೋಶದ ಗೋಡೆ ಹಿಡ್ಕೊಳೋ ಕೊಕ್ಕೆ ಫಿಮ್‌ಎಚ್ ಅನ್ನೋ ಪ್ರೋಟೀನು, ಅದು ಅಲ್ಲಿರೋ ಮ್ಯಾನೋಸ್ ಸಕ್ಕರೆಗೆ ಅಂಟತ್ತೆ. ಅದಕ್ಕೇ ಆನ್‌ಲೈನಲ್ಲಿ ಡಿ-ಮ್ಯಾನೋಸ್ ಪುಡಿ ಮಾರೋದು, ಕೊಕ್ಕೆ ಪುಡಿಗೆ ಅಂಟ್ಕೊಂಡು ಹೊರಗೆ ಹೋಗತ್ತೆ ಅಂತ. ಐಡಿಯಾ ಸೂಪರ್, ಆದ್ರೆ 2024ರಲ್ಲಿ ಬ್ರಿಟನ್ನಲ್ಲಿ ಸುಮಾರು 600 ಹೆಂಗಸರ ಮೇಲೆ ಟ್ರಯಲ್ ಮಾಡಿದ್ರೆ ಇನ್ಫೆಕ್ಷನ್ ತಡೆಯೋದ್ರಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಆ ದುಡ್ಡಲ್ಲಿ ಕಲ್ಚರ್ ಮಾಡಿಸಿ.

ಡಾಕ್ಟ್ರು ಕಿಡ್ನಿ ಹೇಗಿದೆ ಅಂತ ಕ್ರಿಯಾಟಿನಿನ್ ನೋಡಿ, ಜ್ವರ ಬೆನ್ನುನೋವು ಇಲ್ಲ ಅಂತ ಖಾತ್ರಿ ಮಾಡ್ಕೊಂಡು ನೈಟ್ರೋಫ್ಯುರಾಂಟಾಯಿನ್ ಬರೆದ್ರು. ಹಳೇ ಔಷಧಿ, 1950ರ ದಶಕದ್ದು. ಇದಕ್ಕೆ ಪೂರ್ತಿ ರೆಸಿಸ್ಟೆಂಟ್ ಆಗ್ಬೇಕಂದ್ರೆ ಇ. ಕೋಲೈ ಸಾಮಾನ್ಯವಾಗಿ ಎರಡು ಜೀನು ಕಳ್ಕೋಬೇಕು, ಆಮೇಲೆ ಔಷಧಿ ಒಳಗೆ ಹೋಗಿ ಒಂದೇ ಜಾಗಕ್ಕಲ್ಲ, ಹತ್ತಾರು ಕಡೆ ಹೊಡೆಯತ್ತೆ, ಹಾಗಾಗಿ ಇಷ್ಟು ವರ್ಷ ಆದ್ರೂ ನಡೀತಿದೆ. ಊಟದ ಜೊತೆ ತಗೋಬೇಕು, ಮೂತ್ರ ಕಂದು ಬಣ್ಣಕ್ಕೆ ಬರತ್ತೆ, ಹೆದರ್ಬೇಡಿ. ಕಿಡ್ನಿ ವೀಕ್ ಇರೋರಿಗೆ ಇದು ಆಗಲ್ಲ, ಇನ್ಫೆಕ್ಷನ್ ಕಿಡ್ನಿ ತನಕ ಏರಿದ್ರೂ ಸಾಲಲ್ಲ. ಹಾಗಾಗಿ ನಮ್ಮ ರಿಪೋರ್ಟ್ ನೋಡಿ ನೀವು ತಗೋಬೇಡಿ ಮತ್ತೆ.

ಇನ್ನೊಂದೆರಡು ವಿಷ್ಯ. ಸ್ಯಾಂಪಲ್ ಕೊಡೋ ಮುಂಚೆ ಆಂಟಿಬಯಾಟಿಕ್ ಶುರು ಮಾಡ್ಬೇಡಿ, ಪ್ಲೇಟಲ್ಲಿ ಏನೂ ಬೆಳೆಯದೇ ಹೋಗ್ಬೋದು, ಆಗ ದುಡ್ಡು ಹೋಯ್ತು. ಏನೂ ತೊಂದ್ರೆ ಇಲ್ದಿರೋ ವಯಸ್ಸಾದೋರಿಗೆ "ಫುಲ್ ಬಾಡಿ ಚೆಕಪ್" ಜೊತೆ ಇದನ್ನ ಮಾಡಿಸ್ಬೇಡಿ, ಆ ವಯಸ್ಸಲ್ಲಿ ಸುಮಾರು ಜನಕ್ಕೆ ಉರಿ ಗಿರಿ ಏನೂ ಇಲ್ದೇನೇ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರತ್ತೆ, ಅದಕ್ಕೆಲ್ಲ ಮಾತ್ರೆ ಬೇಡ. ಬಸುರಿಯರ ವಿಷ್ಯ ಬೇರೆ, ಅವರಿಗೆ ನೋಡ್ಲೇಬೇಕು. ಕೋರ್ಸ್ ಮುಗಿದ ಮೇಲೆ ಲ್ಯಾಬಿಂದ ಫೋನ್ ಬಂತು, "ಮೇಡಂ, ಫಾಲೋಅಪ್ ಕಲ್ಚರ್ ಮೇಲೆ ಡಿಸ್ಕೌಂಟ್ ಇದೆ" ಅಂತ. ಉರಿ ಹೋಗಿದ್ರೆ ಅದು ಬೇಕಾಗಲ್ಲ. ಮೊದ್ಲು ಆ ಹುಡುಗನಿಗೆ ಒಂದು ಐಸ್ ಬಾಕ್ಸ್ ಕೊಡಿ ಅಂದೆ, ಫೀಡ್‌ಬ್ಯಾಕ್ ನೋಟ್ ಮಾಡ್ಕೊಂಡಿದೀವಿ ಅಂದ್ರು.