ಪಂಪಿನ ಜೊತೆಗೊಂದು ಸ್ಪೇಸರ್: ಕೊಳ್ಳುವುದು ಸುಲಭ, ತೊಳೆಯುವುದರಲ್ಲಿ ತಪ್ಪುತ್ತದೆ

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದೀರ್ಘಕಾಲ ಕಾಡುವ ಉಸಿರಾಟದ ಕಾಯಿಲೆ) ಇರುವವರ ಮನೆಗಳಲ್ಲಿ ಔಷಧಿ ಎಳೆದುಕೊಳ್ಳುವ ಪಂಪ್ (ಇನ್ಹೇಲರ್) ಇದ್ದೇ ಇರುತ್ತದೆ, ಅದಕ್ಕೆ ಸಿಕ್ಕಿಸುವ ಪೊಳ್ಳು ಡಬ್ಬಿಯಾದ ಸ್ಪೇಸರ್ ಕಾಣುವುದು ಅಪರೂಪ. ಇಲ್ಲಿ ಹೇಳುತ್ತಿರುವುದು ಔಷಧಿ ಅಂಗಡಿಗಳಲ್ಲಿ ಸಿಗುವ, ಎರಡು ಹೋಳು ಸೇರಿಸಿ ಕೂರಿಸುವ ಸಾಧಾರಣ ಪ್ಲಾಸ್ಟಿಕ್ ಸ್ಪೇಸರ್ ಬಗ್ಗೆ. ಒಂದು ತುದಿಯಲ್ಲಿ ಪಂಪ್ ಸಿಕ್ಕಿಸುವ ಕಿಂಡಿ, ಇನ್ನೊಂದು ತುದಿಯಲ್ಲಿ ಬಾಯಿಗಿಡುವ ಕೊಳವೆ, ಅಲ್ಲೊಂದು ತೆಳ್ಳನೆಯ ವಾಲ್ವ್. ಇಷ್ಟೇ ಸಾಮಾನು.

ಪಂಪನ್ನು ನೇರ ಬಾಯಿಗಿಟ್ಟು ಒತ್ತಿದರೆ ಸಾಮಾನ್ಯವಾಗಿ ಶ್ವಾಸಕೋಶ ಮುಟ್ಟುವುದು ಶೇ. 10ರಿಂದ 20ರಷ್ಟು ಔಷಧಿ. ಉಳಿದದ್ದರಲ್ಲಿ ಹೆಚ್ಚಿನದು ಗಂಟಲಿಗೆ ಬಡಿದು ಎಂಜಲಿನೊಂದಿಗೆ ಹೊಟ್ಟೆಗಿಳಿಯುತ್ತದೆ. ಪಂಪಿನಲ್ಲಿರುವುದು ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಆದರೆ, ಕರುಳು ಹೀರಿಕೊಂಡದ್ದರಲ್ಲಿ ಶೇ. 90ರಷ್ಟನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ನುಂಗಿದ ಔಷಧಿಯಿಂದ ಎದೆಗೇನೂ ಲಾಭವಿಲ್ಲ. ಬಾಯಿ, ಗಂಟಲಲ್ಲಿ ಅಂಟಿಕೊಂಡ ಸ್ಟೀರಾಯ್ಡ್ ಮಾತ್ರ ಧ್ವನಿ ಕೆಡಿಸುತ್ತದೆ, ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರಿಸುತ್ತದೆ. ಸ್ಪೇಸರ್ ಇದ್ದರೆ ದಪ್ಪ ಹನಿಗಳು ಅದರ ಗೋಡೆಗೇ ಅಂಟಿ, ಸಣ್ಣವು ಒಳಗೆ ಹೋಗುತ್ತವೆ. ಹಾಗಂತ ಬಾಯಿ ಮುಕ್ಕಳಿಸುವುದನ್ನು ಬಿಡುವಂತಿಲ್ಲ. ಮುಕ್ಕಳಿಸಿದ ನೀರು ನುಂಗದೆ ಉಗುಳಬೇಕು. ಬೆಳಿಗ್ಗೆಯ ಡೋಸನ್ನು ಹಲ್ಲುಜ್ಜುವ ಮುಂಚೆ ಇಟ್ಟುಕೊಂಡರೆ ಇದು ಮರೆಯುವುದಿಲ್ಲ.

ಬಳಸುವಾಗ ಪಂಪನ್ನು ಚೆನ್ನಾಗಿ ಕುಲುಕಿ ಸಿಕ್ಕಿಸಿ, ನೇರ ಕೂತು ಉಸಿರು ಪೂರ್ತಿ ಬಿಟ್ಟು, ಕೊಳವೆಯನ್ನು ತುಟಿಯಲ್ಲಿ ಬಿಗಿಹಿಡಿದು ಒಮ್ಮೆ ಮಾತ್ರ ಒತ್ತಿ. ತಡಮಾಡದೆ ನಿಧಾನವಾಗಿ, ಆಳವಾಗಿ ಎಳೆದು 10 ಸೆಕೆಂಡ್ ಹಿಡಿದುಕೊಳ್ಳಿ. ಏದುಸಿರಿನಲ್ಲಿ ಅಷ್ಟು ಹಿಡಿಯಲಾಗದವರು ಕೊಳವೆ ತೆಗೆಯದೆ ನಾಲ್ಕೈದು ಸಲ ಸಹಜವಾಗಿ ಉಸಿರಾಡಿದರೆ ಸಾಕು. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ. ಎರಡೂ ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ಗೋಡೆ ಸೇರುತ್ತವೆ, ಡೋಸ್ ದಂಡ. ಸೀಟಿ ಇರುವ ಮಾದರಿಗಳಲ್ಲಿ ಅದು ಕೂಗಿದರೆ ಜನ ಖುಷಿಪಡುತ್ತಾರೆ. ಕೂಗಬಾರದು, ವೇಗ ಜಾಸ್ತಿಯಾಯಿತೆಂದು ಅರ್ಥ.

ಈ ಸಾಮಾನಿನ ನಿಜವಾದ ದೋಷ ಸ್ಥಾಯಿ ವಿದ್ಯುತ್ (ಸ್ಟ್ಯಾಟಿಕ್). ಹೊಸ ಪ್ಲಾಸ್ಟಿಕ್ ಔಷಧಿಯ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಹೆಚ್ಚು. ಹಾಗಾಗಿ ಮೊದಲ ಬಳಕೆಗೆ ಮುಂಚೆ, ಆಮೇಲೆ ತಿಂಗಳಿಗೊಮ್ಮೆ, ಹೋಳು ಬಿಚ್ಚಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ ಅದ್ದಿ ತೆಗೆಯಿರಿ. ಒಳಮೈಯನ್ನು ಮತ್ತೆ ನೀರಲ್ಲಿ ಜಾಲಿಸಬೇಡಿ, ಉಜ್ಜಬೇಡಿ, ತಾನಾಗಿ ಒಣಗಲಿ. ಉಳಿಯುವ ಸೋಪಿನ ತೆಳು ಪದರವೇ ವಿದ್ಯುತ್ತನ್ನು ತಗ್ಗಿಸುತ್ತದೆ. ಬಾಯಿಗಿಡುವ ಕೊಳವೆಯನ್ನಷ್ಟೇ ಬರೀ ನೀರಲ್ಲಿ ತೊಳೆದುಕೊಳ್ಳಿ. ಮಾಮೂಲಿ ಪಾತ್ರೆಯಂತೆ ತಿಕ್ಕಿ ಒರೆಸಿಡುವ ಮನೆಗಳಲ್ಲಿ 'ಸ್ಪೇಸರ್ ತಂದರೂ ದಮ್ಮು ಕಡಿಮೆಯಾಗಲಿಲ್ಲ' ಎಂಬ ದೂರು ಬಂದರೆ ಆಶ್ಚರ್ಯವಿಲ್ಲ.

ಪುಡಿ ತುಂಬಿದ ಕ್ಯಾಪ್ಸೂಲನ್ನು ಸಾಧನಕ್ಕೆ ಹಾಕಿ ಪುಡಿ ಎಳೆದುಕೊಳ್ಳುವವರಿಗೆ ಸ್ಪೇಸರ್ ಬೇಡ. ಆ ಸಾಧನದಲ್ಲಿ ಜೋರಾಗಿ, ಬಿರುಸಾಗಿ ಎಳೆಯಬೇಕು, ಇಲ್ಲಿಯದಕ್ಕೆ ಪೂರ್ತಿ ಉಲ್ಟಾ. ಆ ಕ್ಯಾಪ್ಸೂಲನ್ನು ಮಾತ್ರೆಯೆಂದು ನೀರಿನ ಜೊತೆ ನುಂಗುವವರೂ ಇದ್ದಾರೆ, ಕಲಿಸುವವರು ಕೇಳಿ ತಿಳಿದುಕೊಳ್ಳಬೇಕು.

ಕೊಳ್ಳುವಾಗ ನಿಮ್ಮ ಪಂಪನ್ನೇ ಒಯ್ದು ಕಿಂಡಿಗೆ ಕೂರಿಸಿ ನೋಡಿ. ಅಲುಗಾಡಿದರೆ ಬೇಡ. ವಾಲ್ವ್ ಸುರುಟಿಕೊಂಡರೆ ಅಥವಾ ಪ್ಲಾಸ್ಟಿಕ್ ಸೀಳಿದರೆ ಆಗಲೇ ಬದಲಿಸಿ, ಇಲ್ಲವಾದರೆ 6ರಿಂದ 12 ತಿಂಗಳಿಗೊಮ್ಮೆ.