ತಟ್ಟು ಕುದುರೆ ಕೊಳ್ಳುವವರೇ, ಸಂಜೆ ಹೊತ್ತಲ್ಲಿ ವ್ಯಾಪಾರ ಮಾಡಬೇಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ನಮ್ಮ ಅಪ್ಪ ವಿಜಯಪುರದ ಗೋಳಗುಮ್ಮಟದ ಮುಂದೆ ವರ್ಷಗಟ್ಟಲೆ ಟಾಂಗಾ ಹೊಡೆದವರು. ಅವರ ಮಗ ನಾನು, 5 ವರ್ಷದ್ದು ಅಂತ ನಂಬಿ ಮುದಿ ತಟ್ಟು ಕಟ್ಟಿಕೊಂಡು ಬಂದೆ. ಅದೂ 45 ಸಾವಿರ ಕೊಟ್ಟು.

ಮಗಳು ಹತ್ತಿ ಕಲಿಯೋಕೆ ಒಂದು ಸಾಧು ತಟ್ಟು ಬೇಕಿತ್ತು, ಅಷ್ಟೇ. ಸಿದ್ಧೇಶ್ವರ ಜಾತ್ರೆ ಮುಗೀಲಿ, ನಾನೂ ಬರ್ತೀನಿ ಅಂದಿದ್ದರು ಅಪ್ಪ. ಕೇಳಲಿಲ್ಲ. ದಲ್ಲಾಳಿ ಫೋನ್ ಮಾಡಿದ, ಬಾಗೇವಾಡಿ ಕಡೆ ಒಂದು ಹಳ್ಳಿಗೆ ಮಗಳನ್ನೂ ಕರೆದುಕೊಂಡು ಹೋದೆ. ಮುಟ್ಟಿದಾಗ ಹೊತ್ತು ಮುಳುಗಿತ್ತು. ತಟ್ಟಿಗೆ ಆಗಲೇ ಜೀನು ಬಿಗಿದಿದ್ದರು, ಕುತ್ತಿಗೆ ಬೆವರಿತ್ತು. ಅಂದರೆ ನಾವು ಬರೋ ಮುಂಚೆಯೇ ಓಡಿಸಿ ಸುಸ್ತು ಮಾಡಿದ್ದರು, ಅಲ್ವಾ? ಆಗ ಹೊಳೆಯಲೇ ಇಲ್ಲ. ಮಗಳನ್ನು ಕೂರಿಸಿ ಮೆತ್ತನೆ ಎರೆ ಹೊಲದಲ್ಲಿ ಎರಡು ಸುತ್ತು ಹಾಕಿಸಿದರು, ಅವಳು ನಗ್ತಾ ಇದ್ದಳು, ನಾನು ಅವಳ ಮುಖ ನೋಡಿದೆನೇ ಹೊರತು ಕುದುರೆಯ ಕಾಲು ನೋಡಲಿಲ್ಲ.

ಮಾಲೀಕ ಮೊಬೈಲ್ ಬೆಳಕಲ್ಲಿ ಬಾಯಿ ತೆರೆದು ತೋರಿಸಿದ. ಕೆಳಗಿನ ಒಂದೊಂದು ಹಲ್ಲಿನ ನೆತ್ತಿ ಮೇಲೂ ಕಪ್ಪು ಗುಳಿ. "ನೋಡ್ರಿ, ಈಗ ಬಾಯಿಗೂಡ್ಯದ" ಅಂದ, ಅಂದರೆ ಹಾಲುಹಲ್ಲೆಲ್ಲ ಬಿದ್ದು ಪೂರ್ತಿ ಹಲ್ಲು ಈಗಷ್ಟೇ ಬಂದಿವೆ, 5 ವರ್ಷದ್ದು ಅಂತ. ನಾನೂ ಭಾಳ ತಿಳಿದವನ ಹಾಗೆ ತಲೆ ಆಡಿಸಿದೆ! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ದಲ್ಲಾಳಿ ಟವೆಲ್ ಕೆಳಗೆ ನನ್ನ ಬೆರಳು ಹಿಡಿದು ರೇಟು ಹೇಳಿದ, ಬೆಳಿಗ್ಗೆ ಇಂಡಿ ಊರಿನವರು ರೊಕ್ಕ ತಗೊಂಡು ಬರ್ತಾರೆ ಅಂತ ಅವಸರ ಮಾಡಿದ, ನಾನು ಅಲ್ಲೇ ಪೂರ್ತಿ ಹಣ ಎಣಿಸಿಬಿಟ್ಟೆ.

ಮೂರನೇ ದಿನ ಬಲ ಮುಂಗಾಲು ಕುಂಟೋಕೆ ಶುರು. ಆ ಕಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎಗರಿಸುತ್ತಿತ್ತು. ಡಾಕ್ಟರ್ ಬಂದು ಕುತ್ತಿಗೆ ಸವರಿದರು, ಸೂಜಿ ಚುಚ್ಚಿದ ಜಾಗದಲ್ಲಿ ಗಂಟು. ನೋವಿನ ಇಂಜೆಕ್ಷನ್ ಕೊಟ್ಟು ನಿಲ್ಲಿಸಿರಬೇಕು ಅಂದರು. ಆಮೇಲೆ ಹಲ್ಲು. ಮೇಲಿನ ಮೂಲೆ ಹಲ್ಲಿನಲ್ಲಿ ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಒಂದು ಗೀರು ಕಾಣಿಸಿಕೊಳ್ಳುತ್ತದಂತೆ, 15ಕ್ಕೆ ಅರ್ಧ ಹಲ್ಲಿಗೆ ಇಳಿಯುತ್ತದಂತೆ. ನಮ್ಮದರಲ್ಲಿ ಅರ್ಧ ದಾಟಿತ್ತು. ಆ ಕಪ್ಪು ಗುಳಿ? ಎಳೆ ಕುದುರೆಗೆ ಇದ್ದು ವಯಸ್ಸಾದಂತೆ ಸವೆದುಹೋಗುವಂಥದ್ದು, ಇದಕ್ಕೆ ಕೊರೆದು ಸುಟ್ಟು ಮಾಡಿದ್ದು.

ಮಾಲೀಕನಿಗೆ ಫೋನ್ ಮಾಡಿದೆ. "ಊರ ಬದಲಾಗ್ಯದ, ನೀರ ಬದಲಾಗ್ಯದ, ಎಂಟು ದಿನ ತಡೀರಿ." ಎಂಟು ದಿನ ಬಿಟ್ಟು ಮಾಡಿದೆ. "ನಮ್ಮಲ್ಲಿದ್ದಾಗ ಕುಂಟಿಲ್ಲರಿ, ನೀವ ಏನ ಮಾಡೀರೋ!" ವಯಸ್ಸು ಕೇಳಿದರೆ "ಜೀವ ಇದ್ದ ಸಾಮಾನಿಗೆ ಗ್ಯಾರಂಟಿ ಕಾರ್ಡ್ ಇರ್ತದೇನ್ರಿ ಸಾಹೇಬ್ರ?" ಅಂತ ನಕ್ಕ. ನಕ್ಕ! ಆಮೇಲೆ ನಂಬರೇ ಬ್ಲಾಕ್.

ಹೇಳದೆ ಕೇಳದೆ ಬೆಳಿಗ್ಗೆ ಹೋಗಿ. ಡಾಂಬರು ರಸ್ತೆ ಮೇಲೆ ಓಡಿಸಿ ನೋಡಿ, ಮೆತ್ತನೆ ಮಣ್ಣಲ್ಲಿ ಕುಂಟು ಮುಚ್ಚಿಹೋಗುತ್ತದೆ. ಡಾಕ್ಟರ್ ನೋಡೋವರೆಗೆ ಇಸಾರ (ಮುಂಗಡ) ಬಿಟ್ಟು ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಮಕ್ಕಳನ್ನಂತೂ ಕರೆದುಕೊಂಡು ಹೋಗಲೇಬೇಡಿ.

ಅಪ್ಪ ಬೈಯಲಿಲ್ಲ. ದಿನಾ ಹುರುಳಿ ಬೇಯಿಸಿ ತಿನ್ನಿಸ್ತಾರೆ, ನನ್ನ ಜೊತೆ ಮಾತ್ರ ಮಾತು ಕಡಿಮೆ. ನಿನ್ನೆ ಭಾವನ ಮೊಬೈಲ್‌ನಲ್ಲಿ ಅದೇ ದಲ್ಲಾಳಿಯ ವಾಟ್ಸಾಪ್ ಸ್ಟೇಟಸ್ ನೋಡಿದೆ. ಇನ್ನೊಂದು ತಟ್ಟು, ಬಿಳಿದು. "5 ವರ್ಷ, ಮಕ್ಕಳಿಗೆ ಭಾಳ ಸಾಧು." ಫೋಟೋ ಸಂಜೆ ಹೊತ್ತಿನದ್ದೇ.