ಎರಡು ಬಿಂಬ ಒಂದಾಗುವವರೆಗೆ: ಯಾಶಿಕಾ ಎಲೆಕ್ಟ್ರೊ 35 ಜಿಎಸ್‌ಎನ್

ಯಾಶಿಕಾ ಕಂಪನಿ 1973ರಲ್ಲಿ ಹೊರತಂದ ಎಲೆಕ್ಟ್ರೊ 35 ಜಿಎಸ್‌ಎನ್ ಎಂಬ ರೇಂಜ್‌ಫೈಂಡರ್ (ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ) ಕ್ಯಾಮೆರಾವನ್ನು ಏಳು ತಿಂಗಳಿಂದ ಮೈಸೂರಿನಲ್ಲಿ ಬಳಸುತ್ತಿದ್ದೇನೆ. ಫೋಕಸನ್ನು ಯಂತ್ರಕ್ಕೆ ಒಪ್ಪಿಸದೆ ತಾವೇ ಮಾಡಲು ಕಲಿಯಬೇಕೆನ್ನುವವರಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ.

ಇದರ ವ್ಯೂಫೈಂಡರ್ ಲೆನ್ಸಿನ ಮೂಲಕ ನೋಡುವುದಿಲ್ಲ. ಅದು ಮೇಲಿನ ಬೇರೆಯೇ ಕಿಟಕಿ. ಹಾಗಾಗಿ ಫೋಕಸ್ ತಪ್ಪಿದ್ದರೂ ಇಡೀ ದೃಶ್ಯ ನಿಚ್ಚಳವಾಗಿಯೇ ಕಾಣುತ್ತದೆ, ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಗೊತ್ತಾಗುವುದಿಲ್ಲ. ಆಧಾರವೆಂದರೆ ನಟ್ಟನಡುವಿನ ಹಳದಿ ಮಚ್ಚೆಯೊಂದೇ. ಇನ್ನೊಂದು ಕಿಟಕಿಯಿಂದ ಬಂದ ಬಿಂಬ ಅಲ್ಲಿ ಪಕ್ಕಕ್ಕೆ ಸರಿದು ಕಾಣುತ್ತದೆ. ಲೆನ್ಸಿನ ಉಂಗುರವನ್ನು ತಿರುಗಿಸುತ್ತಾ ಹೋದಂತೆ ಅದು ಜರುಗಿ, ಮೊದಲ ಬಿಂಬದ ಮೇಲೆ ಸರಿಯಾಗಿ ಕೂತಾಗ ಫೋಕಸ್ ಆಯಿತೆಂದು ಅರ್ಥ.

ನನ್ನ ಮೊದಲ ರೀಲಿನಲ್ಲಿ ಹತ್ತಿರದಿಂದ ತೆಗೆದ ಮುಖಗಳೆಲ್ಲ ಮಸುಕಾಗಿದ್ದವು. ಕೈ ಪಳಗಿಲ್ಲವೆಂದು ಬಹಳ ದಿನ ನಂಬಿದ್ದೆ. ರಿಪೇರಿಯವರೊಬ್ಬರು ಮೇಲಿನ ತಗಡು ಬಿಚ್ಚಿ, ಒಳಗಿನ ಗಾಜಿನ ಮೇಲಿನ ಮಂಜು ಒರೆಸಿ, ಬಿಂಬವನ್ನು ಸರಿಹೊಂದಿಸಿದ ಮೇಲೆ ಮಚ್ಚೆ ನಿಜಕ್ಕೂ ಹೇಗೆ ಕಾಣಬೇಕೆಂಬುದು ತಿಳಿಯಿತು. ಮಚ್ಚೆ ಮಂಕಾದ ಕ್ಯಾಮೆರಾದಲ್ಲಿ ಯಾರೂ ಕಲಿಯಲಾರರು.

ಆಮೇಲಿನ ಅಭ್ಯಾಸವೆಲ್ಲ ನಡೆದದ್ದು ದೇವರಾಜ ಮಾರುಕಟ್ಟೆಯಲ್ಲಿ. ಬಿಂಬ ಅಡ್ಡಡ್ಡಲಾಗಿ ಮಾತ್ರ ಜರುಗುವುದರಿಂದ ಅದನ್ನು ಹಿಡಿಯಲು ನೆಟ್ಟಗಿನ ಅಂಚೊಂದು ಬೇಕು. ಜೋತುಬಿಟ್ಟ ಹೂವಿನ ಹಾರ ಇದಕ್ಕೆ ಹೇಳಿ ಮಾಡಿಸಿದ್ದು; ಕುಂಕುಮದ ರಾಶಿಯ ನುಣುಪಾದ ಮೈಯಲ್ಲಿ ಕಣ್ಣಿಗೆ ಏನೂ ಸಿಗದು, ಅದರ ಪಕ್ಕದಲ್ಲಿ ಅಷ್ಟೇ ದೂರದಲ್ಲಿರುವ ತಟ್ಟೆಯ ಅಂಚನ್ನು ಹುಡುಕಬೇಕು. ಅಡ್ಡಗೆರೆಗಳಷ್ಟೇ ಇರುವಲ್ಲಿ ಕ್ಯಾಮೆರಾವನ್ನೇ ನಿಲುವಾಗಿ ತಿರುಗಿಸಿ ಫೋಕಸ್ ಮಾಡಿ, ಮತ್ತೆ ಮಲಗಿಸಿ ಚಿತ್ರ ತೆಗೆಯುತ್ತೇನೆ. ಒಂದೇ ಬಗೆಯ ಸರಳುಗಳ ಸಾಲು ಮಾತ್ರ ಮೋಸ ಮಾಡುತ್ತದೆ: ಒಂದು ಸರಳಿನ ಬಿಂಬ ಪಕ್ಕದ ಸರಳಿನ ಮೇಲೆ ಕೂತರೂ ಎಲ್ಲವೂ ಸರಿಯಾದಂತೆಯೇ ತೋರುತ್ತದೆ.

45 ಮಿಲಿಮೀಟರಿನ ಲೆನ್ಸನ್ನು ಎಫ್ 1.7ರಲ್ಲಿ ಪೂರ್ತಿ ತೆರೆದು ಒಂದು ಮೀಟರ್ ದೂರದ ಮುಖಕ್ಕೆ ಹಿಡಿದರೆ ಸ್ಫುಟವಾಗಿ ಮೂಡುವ ಆಳ ಸುಮಾರು 5 ಸೆಂಟಿಮೀಟರ್ ಮಾತ್ರ. ಫೋಕಸ್ ಮಾಡಿದ ಮೇಲೆ ನಾವು ತುಸು ಮುಂದಕ್ಕೆ ಬಾಗಿದರೂ ಕಣ್ಣು ಹೋಗಿ ಕಿವಿ ಸ್ಫುಟವಾಗುತ್ತದೆ. ಅದೇ ಲೆನ್ಸಿನ ತೆರಪನ್ನು ಎಫ್ 8ಕ್ಕೆ ಕಿರಿದಾಗಿಸಿ, ಫೋಕಸನ್ನು 3 ಮೀಟರಿಗೆ ಇಟ್ಟುಕೊಂಡರೆ ಸುಮಾರು 2.2ರಿಂದ 4.6 ಮೀಟರಿನವರೆಗೆ ಎಲ್ಲವೂ ಸಾಕಷ್ಟು ಸ್ಫುಟವಾಗಿರುತ್ತದೆ. ಬಿಸಿಲಿನಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ನಡೆಯುವಾಗ ನಾನು ಹೀಗೆಯೇ ಇಟ್ಟುಕೊಂಡು, ದೂರವನ್ನು ಹೆಜ್ಜೆಯ ಲೆಕ್ಕದಲ್ಲಿ ಅಂದಾಜು ಮಾಡುತ್ತೇನೆ. ಈ ಅಂದಾಜು ಕಣ್ಣಿಗೆ ಹತ್ತಿದ್ದೇ ನನಗೆ ಈ ಕ್ಯಾಮೆರಾದಿಂದಾದ ದೊಡ್ಡ ಲಾಭ. ಈಗ ಕ್ಯಾಮೆರಾ ಕಣ್ಣಿಗೆ ಏರುವ ಮೊದಲೇ ಉಂಗುರ ಬಹುಮಟ್ಟಿಗೆ ತನ್ನ ಜಾಗಕ್ಕೆ ಬಂದಿರುತ್ತದೆ.

ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಂತೆ, ಚಿತ್ರದ ಎಲ್ಲೆಯನ್ನು ತೋರುವ ವ್ಯೂಫೈಂಡರಿನ ಚೌಕಟ್ಟಿನ ಗೆರೆಗಳು ತಾವಾಗಿಯೇ ಸರಿಯುವುದು ಮೆಚ್ಚಬೇಕಾದ ಏರ್ಪಾಡು. ಆದರೆ 0.8 ಮೀಟರಿಗಿಂತ ಹತ್ತಿರ ಫೋಕಸ್ ಸಾಧ್ಯವಿಲ್ಲ, ಬಿಡಿ ಮಲ್ಲಿಗೆಯ ಮೇಲೆ ಆಸೆಯಿರುವವರು ಬೇರೆ ಕ್ಯಾಮೆರಾ ನೋಡುವುದೇ ಲೇಸು. ಮೂಲತಃ ಹಾಕುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಅಡಾಪ್ಟರ್ ಜೊತೆ 6 ವೋಲ್ಟಿನದು ನಡೆಯುತ್ತದೆ.

ಕೊಳ್ಳುವವರು ಅಂಗಡಿಯ ಬಾಗಿಲಿಗೆ ಬಂದು, ಉಂಗುರವನ್ನು ಅನಂತದ, ಎಂದರೆ ಅತಿ ದೂರದ, ಗುರುತಿಗೆ ತಿರುಗಿಸಿ, ಅರ್ಧ ಕಿಲೋಮೀಟರಿಗೂ ಆಚೆಯ ಕಟ್ಟಡದ ಅಂಚನ್ನು ಮಚ್ಚೆಯಲ್ಲಿ ನೋಡಬೇಕು. ಅಲ್ಲಿ ಅಂಚು ಎರಡಾಗಿ ಕಂಡರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಬೇಕು.